ಎಡಗೈ ಮೇಲಿನ ಏಳು ದಿನ

"ಅರ್ಜಿ ನಾನು ಹಾಕಿಲ್ಲ ಮೇಡಂ."

ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದವನು ಇಷ್ಟು ಹೇಳಿ ಕಣ್ಣುಜ್ಜಿಕೊಂಡು ನಿಂತ. ಬೆಳಗಿನ ಹತ್ತೂವರೆಯಾಗಿದ್ದರೂ ಈಗಷ್ಟೇ ಎದ್ದವನ ಹಾಗಿದ್ದ. ಗಡ್ಡ ಬೆಳೆದಿತ್ತು. ಮಾಸ್ಕು ಗದ್ದಕ್ಕೆ ಜಾರಿತ್ತು. ಪಾಲಿಕೆಯವರನ್ನು ಕಂಡ ಎಲ್ಲರ ಹಾಗೆ ಅವನೂ ಅವಸರದಿಂದ ಅದನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ.

ತನುಜಾ ಬಾಯಿ ಬಿಡಲಿಲ್ಲ. ಬಿಟ್ಟರೆ ಗುರುತು ಸಿಕ್ಕಿಬಿಡುತ್ತದೆ. ಅವಳ ಮುಖವನ್ನು ಅವನು ಒಂದು ದಿನವೂ ನೋಡಿದವನಲ್ಲ. ಆದರೆ ಅವಳ ದನಿಯನ್ನು ದಿನಕ್ಕೆ ಎರಡು ಸಲದಂತೆ ಹತ್ತು ದಿನ ಕೇಳಿದವನು. ಅವಳೋ, ಈ ಮುಖವನ್ನು ದಿನಕ್ಕೆ ಹದಿನೈದು ಸಲ ನೋಡಿದವಳು. ಗಡ್ಡದ ಮರೆಯಲ್ಲಿದ್ದರೂ ಎಡಗೆನ್ನೆಯ ಮಚ್ಚೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಕೈಯಲ್ಲಿದ್ದ ಅರ್ಜಿಯನ್ನು ಸುಮ್ಮನೆ ಅವನ ಮುಂದೆ ಹಿಡಿದಳು. ಈ ವಾರ್ಡಿನ ಆರೋಗ್ಯ ನಿರೀಕ್ಷಕರಾದ ಷಡಕ್ಷರಪ್ಪನವರಿಗೆ ಪಾಸಿಟಿವ್ ಆಗಿ, ಅವರ ಪಟ್ಟಿಯೆಲ್ಲ ಅವಳ ತಲೆಗೆ ಬಂದಿತ್ತು. ಮತ್ತೆ ಬಾಗಿಲು ತೆರೆಯಲು ಅನುಮತಿ ಕೇಳಿದ ಹೋಟೆಲು, ಬೇಕರಿ, ಖಾನಾವಳಿಗಳ ಪಟ್ಟಿ ಅದು. ಅದರಲ್ಲಿ ಖಾನಾವಳಿಯ ಮಾಲೀಕ ಜ್ಞಾನೇಶ್ ಎಂಬ ಹೆಸರು ಕಂಡ ದಿನದಿಂದ ಅವಳು ಈ ಹಾಳೆಯನ್ನು ಉಳಿದವುಗಳ ಅಡಿಗೆ ಹಾಕುತ್ತಲೇ ಬಂದಿದ್ದಳು. ಇವತ್ತು ಅಡಿಗೆ ಹಾಕೋಣವೆಂದರೆ ಮೇಲಿಡಲು ಬೇರೆ ಹಾಳೆ ಉಳಿದಿರಲಿಲ್ಲ.

"ನಾ ಹಾಕ್ಸಿದ್ದು ಕಣಪ್ಪ, ಏನೀಗ?" ಒಳಗಿನಿಂದ ಒಂದು ಗಟ್ಟಿ ದನಿ ಬಂತು. ಹಿಂದೆಯೇ, ಸೆರಗನ್ನೇ ಮಾಸ್ಕು ಮಾಡಿಕೊಂಡ ಮಹಾಂತಮ್ಮ ಬಂದರು. ಈ ಖಾನಾವಳಿಯಲ್ಲಿ ಹದಿನೆಂಟು ವರ್ಷದಿಂದ ರೊಟ್ಟಿ ತಟ್ಟುತ್ತಿರುವವರು. "ಊರಿನ ಹೋಟ್ಲೆಲ್ಲ ತೆಗೆದು ನಾಲ್ಕು ತಿಂಗಳಾಯ್ತು. ಇವ್ನು ಬಾಗ್ಲು ಹಾಕ್ಕೊಂಡು ಮಲ್ಗಿದ್ರೆ ನಾನೇನು ಮನೆ ಗೋಡೆಗೆ ರೊಟ್ಟಿ ತಟ್ಲಾ? ಬನ್ನಿ ಮೇಡಂ, ನೀವು ನೋಡಿ ಬರ್ಕೊಳ್ಳಿ."

ಇನ್ನು ಸುಮ್ಮನಿರುವಂತಿರಲಿಲ್ಲ. "ಒಳಗೆ ಎಷ್ಟು ಟೇಬಲ್ ಇವೆ?" ಎಂದಳು.

ಶಟರನ್ನು ಪೂರ್ತಿ ಎತ್ತಲು ಹೋದ ಜ್ಞಾನೇಶನ ಕೈ ಅಲ್ಲೇ ನಿಂತಿತು. ಅವನು ತಿರುಗಿ ಅವಳ ಕಣ್ಣುಗಳನ್ನೇ ನೋಡಿದ. ಮಾಸ್ಕಿನ ಮೇಲೆ ಉಳಿದಿದ್ದ ಅಷ್ಟು ಜಾಗದಲ್ಲಿ ಏನೇನು ಓದಬಹುದೋ ಅದನ್ನೆಲ್ಲ ಓದಿಯೇ ಬಿಡುವವನ ಹಾಗೆ ನೋಡಿದ. ಅವಳು ದೃಷ್ಟಿಯನ್ನು ಹಾಳೆಗೆ ಇಳಿಸಿದಳು.

"ಎಂಟು," ಎಂದ ಅವನು ಮೆಲ್ಲಗೆ.

"ನಾಲ್ಕೇ ಇರ್ಬೇಕು. ನಡುವೆ ಆರಡಿ ಜಾಗ. ಬಾಗಿಲ ಹತ್ರ ಸ್ಯಾನಿಟೈಸರ್. ಹೊರಗೆ ನಿಲ್ಲೋರಿಗೆ ಬಿಳಿ ವೃತ್ತ ಬಳಿಸ್ಬೇಕು. ಮಾಸ್ಕ್ ತೆಗೆಯೋದು ಊಟಕ್ಕೆ ಕೂತ ಮೇಲೇ." ದಿನಾ ನಲವತ್ತು ಕಡೆ ಹೇಳಿ ಸವೆದ ಮಾತುಗಳು ತಾವಾಗಿಯೇ ಬರುತ್ತಿದ್ದವು. "ಒಂದು ಟೇಬಲ್‌ಗೆ ಒಬ್ರೇ. ಒಂದೇ ಮನೆಯವರಾದ್ರೆ ಮಾತ್ರ ಎದುರುಬದುರು ಕೂರ್ಬಹುದು."

"ಒಂದೇ ಮನೆಯವರು ಅಂತ ಹೆಂಗೆ ಗೊತ್ತಾಗತ್ತೆ ಮೇಡಂ? ರೇಷನ್ ಕಾರ್ಡ್ ಕೇಳ್ಬೇಕಾ?"

ಅದೇ ದನಿ. ನಗೆಯನ್ನು ಹಿಂದಿಟ್ಟುಕೊಂಡು ಮುಂದೆ ಗಂಭೀರವಾಗಿ ಮಾತಾಡುವ ಆ ವರಸೆ. ತನುಜಾಳಿಗೆ ನಗು ಬಂತು. ನಗು ಬಂದದ್ದಕ್ಕೇ ಅಳು ಬರುವ ಹಾಗಾಯಿತು.

"ಶನಿವಾರ ಬರ್ತೀನಿ. ಅಷ್ಟರೊಳಗೆ ಇಷ್ಟೂ ಆಗಿರ್ಲಿ," ಎಂದು ಹಾಳೆಯನ್ನು ಫೈಲಿಗೆ ಸೇರಿಸಿದಳು.

"ಹನ್ನೆರಡು ಸಲ ಫೋನ್ ಮಾಡಿದ್ದೆ," ಎಂದ ಅವನು.

"ಡ್ಯೂಟಿ ಬದಲಾಯ್ತು."

"ನಂಬರ್ ಅದೇ ಇತ್ತಲ್ಲ."

ಅದಕ್ಕೆ ಅವಳಲ್ಲಿ ಉತ್ತರವಿತ್ತು. ನಾಲ್ಕು ತಿಂಗಳಿಂದ ಅದನ್ನೇ ಹೊತ್ತು ತಿರುಗುತ್ತಿದ್ದಳು. ಹೇಳುವ ಧೈರ್ಯವಿರಲಿಲ್ಲ, ಅಷ್ಟೇ.

*

ಜೂನ್ ತಿಂಗಳಲ್ಲಿ ಮಲವಗೊಪ್ಪದ ಕಡೆಯ ಒಂದು ಹಾಸ್ಟೆಲನ್ನು ಕ್ವಾರಂಟೈನ್ ಕೇಂದ್ರ ಮಾಡಿದ್ದರು. ಹೊರರಾಜ್ಯದಿಂದ ಬಂದವರು ಅಲ್ಲಿ ಏಳು ದಿನ ಇದ್ದು, ಆಮೇಲೆ ಮನೆಯಲ್ಲಿ ಏಳು ದಿನ ಇರಬೇಕು. ಬಸುರಿಯರು, ಕೈಕೂಸಿನವರು, ವಯಸ್ಸಾದವರು ಹಾಸ್ಟೆಲಿಗೆ ಹೋಗದೆ ನೇರ ಮನೆಗೆ ಹೋಗಿ ಹದಿನಾಲ್ಕು ದಿನ. ಗೇಟಿನ ಬಳಿ ಒಂದು ಮೇಜು, ಮೇಜಿನ ಹಿಂದೆ ತನುಜಾ. ಅವಳ ಮುಂದೆ ಎರಡು ಸೀಲು. ಎಡಗೈ ಹಿಂಭಾಗಕ್ಕೆ ಅಳಿಸದ ಶಾಯಿಯಲ್ಲಿ ಒತ್ತುವುದು, 'ಇಂಥ ತಾರೀಖಿನವರೆಗೆ' ಎಂದು. ಒಂದು ಏಳು ದಿನದ್ದು, ಇನ್ನೊಂದು ಹದಿನಾಲ್ಕರದ್ದು.

ಸೊಲ್ಲಾಪುರದಲ್ಲಿ ತಂಗಿಯ ಮಗುವಿನ ತೊಟ್ಟಿಲಿಗೆ ಹೋಗಿ ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದಿದ್ದ ಜ್ಞಾನೇಶ್ ಆ ಸಾಲಿನಲ್ಲಿ ಒಬ್ಬ. ಹಾಸ್ಟೆಲಿನಲ್ಲಿ ಏಳು ದಿನ ಮುಗಿಸಿ ಬಂದು ಕೈ ಚಾಚಿದ, ಅವಳು ಒತ್ತಿದಳು. ಮುಖ ಎತ್ತಿ ನೋಡಿದ ನೆನಪೂ ಅವಳಿಗಿರಲಿಲ್ಲ.

ಅವನ ಮುಖ ಬಂದದ್ದು ಮರುದಿನ, ಫೋನಿನಲ್ಲಿ. ಮನೆಯಲ್ಲಿ ಕೂತವರು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಕಳಿಸಿದ್ದನ್ನು ನೋಡುವುದು, ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ಆರಕ್ಕೂ ಫೋನ್ ಮಾಡಿ ಜ್ವರ ಇದೆಯಾ ಕೆಮ್ಮು ಇದೆಯಾ ಎಂದು ಕೇಳುವುದು, ಇದೂ ತನುಜಾಳ ಕೆಲಸವೇ. ಅವಳ ಪಟ್ಟಿಯಲ್ಲಿ ಅರವತ್ತೆರಡು ಜನ.

"ಜ್ಞಾನೇಶ್ ಅಂದ್ರೆ ನೀವೇನಾ? ಫೋಟೋದಲ್ಲಿ ಬರೀ ಫ್ಯಾನ್ ಕಾಣ್ತಿದೆ."

"ಫ್ಯಾನೂ ನಂಜೊತೆ ಕ್ವಾರಂಟೈನ್ ಆಗಿದೆ ಮೇಡಂ."

"ತಮಾಷೆ ಬೇಡ. ಮುಖ ಕಾಣ್ಬೇಕು."

"ನೋಡೋ ಹಂಗಿಲ್ಲ."

"ಅದನ್ನ ನಾವು ನೋಡ್ಕೋತೀವಿ," ಎಂದು ಫೋನಿಟ್ಟ ಮೇಲೆ ತನುಜಾ ನಾಲಗೆ ಕಚ್ಚಿಕೊಂಡಳು.

ಮುಂದಿನ ಗಂಟೆ ಮುಖ ಬಂತು. ಹಿಂದೆ ಗೋಡೆಗೆ ಖಾನಾವಳಿಯ ಕಪ್ಪು ಹಲಗೆ ಒರಗಿತ್ತು. ಅವನಿದ್ದದ್ದು ಖಾನಾವಳಿಯ ಮೇಲಿನ ಕೋಣೆಯಲ್ಲಿ. ಮನೆಯಿದ್ದದ್ದು ಭದ್ರಾವತಿಯ ಕಾಗದನಗರದಲ್ಲಿ. ಅಲ್ಲಿ ಅಣ್ಣ, ಅತ್ತಿಗೆ, ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಅಪ್ಪ ವೀರಪ್ಪ. ಅಪ್ಪನಿಗೆ ಎದೆಯ ತೊಂದರೆ. ಅವರಿಗೇನಾದರೂ ಅಂಟಿಸಿಬಿಟ್ಟರೆ ಎಂದು ಹೆದರಿ ಅವನು ಅಲ್ಲಿಗೆ ಹೋಗದೆ ಇಲ್ಲೇ ಉಳಿದಿದ್ದ.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ಇಂದಿನ ವಿಶೇಷ: ಉಪ್ಪಿಟ್ಟು.' ಒಂದು ಗಂಟೆಗೆ: 'ಇಂದಿನ ವಿಶೇಷ: ಬೆಳಗಿನದೇ ಉಪ್ಪಿಟ್ಟು.' ಮೂರಕ್ಕೆ: 'ಉಪ್ಪಿಟ್ಟಿಗೂ ಬೇಜಾರಾಗಿದೆ.'

ಮುಚ್ಚಿದ ಬೀದಿ, ತಗಡು ಹೊಡೆದ ಸಂದಿ, ಬೈಗುಳ, ಅಳು, ಪಿಪಿಇ ಒಳಗಿನ ಬೆವರು. ಇವುಗಳ ನಡುವೆ ತನುಜಾ ಗಂಟೆ ಹೊಡೆಯುವುದನ್ನು ಕಾಯತೊಡಗಿದಳು. ಅರವತ್ತೊಂದು ಮುಖಗಳನ್ನು ದಾಟಿಸಿ ಒಂದು ಮುಖದ ಹತ್ತಿರ ನಿಲ್ಲುತ್ತಿದ್ದಳು.

ಎರಡನೆಯ ದಿನ ಅವನೇ ಕೇಳಿದ: "ನಿಮ್ದು ಊಟ ಆಯ್ತಾ?"

ಮೂರು ತಿಂಗಳಿಂದ ಆ ಡ್ಯೂಟಿಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು, ನಮ್ಮನ್ನ ಯಾವಾಗ ಬಿಡ್ತೀರ?

"ಆಯ್ತು. ಪ್ಯಾಕೆಟ್ ಪಲಾವ್."

"ಅದು ಊಟ ಅಲ್ಲ ಮೇಡಂ. ಖಾನಾವಳಿ ತೆಗೆದ ದಿನ ಮೊದಲನೇ ಎಲೆ ನಿಮ್ಗೆ. ಬಿಸಿ ರೊಟ್ಟಿ, ಎಣ್ಣೆಗಾಯಿ. ಬರ್ಬೇಕು."

"ನೋಡೋಣ."

"ಬಂದ್ರೆ ಮಾಸ್ಕ್ ತೆಗೀಲೇಬೇಕಾಗತ್ತೆ. ನೀವು ಮಾತ್ರ ನನ್ನ ಮುಖ ದಿನಕ್ಕೆ ಹದಿನೈದು ಸಲ ನೋಡೋದು, ನಾನು ನೋಡದೇ ಇರೋದು, ಇದ್ಯಾವ ನ್ಯಾಯ?"

ಐದನೆಯ ದಿನಕ್ಕೆ ಜ್ವರ ಕೆಮ್ಮಿನ ಪ್ರಶ್ನೆಗಳು ಅರ್ಧ ನಿಮಿಷಕ್ಕೆ ಮುಗಿದು, ಉಳಿದ ಮಾತು ಎಂಟು ನಿಮಿಷವಾಗುತ್ತಿತ್ತು. ತನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು 'ಕೊರೊನಾ ಡ್ಯೂಟಿ ಮುಗೀಲಿ, ಆಮೇಲೆ ನೋಡೋಣ' ಎಂದು ಹೇಳಿಕಳಿಸಿದ್ದನ್ನೂ ಅವಳು ನಗುತ್ತಾ ಹೇಳಿದಳು. ಅವನು ನಗಲಿಲ್ಲ. "ಒಳ್ಳೇದಾಯ್ತು," ಎಂದ. ಮುಂದಿನ ಸೆಲ್ಫಿಯಲ್ಲಿ ಹಲಗೆ ಹೇಳಿತು: 'ಇಂದಿನ ವಿಶೇಷ: ಹನ್ನೊಂದು ಗಂಟೆಯ ಫೋನು.'

ಮೂವತ್ಮೂರು ವರ್ಷದ ತನುಜಾ ಆ ಫೋಟೋವನ್ನು ಅಳಿಸಲಿಲ್ಲ. ನಿಯಮದ ಪ್ರಕಾರ ಅಳಿಸಬೇಕಿತ್ತು.

ಹತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಅಷ್ಟು ಬೇಗ ಅವನು ಎಂದೂ ಮಾಡಿದವನಲ್ಲ.

"ಮೇಡಂ, ಅಪ್ಪ ಹೋದ್ರು. ಎದೆ ನೋವು ಅಂದ್ರಂತೆ. ಅಣ್ಣ ಗಾಡಿ ತರೋಷ್ಟ್ರಲ್ಲಿ... ನಾನು ಹೋಗ್ಬಹುದಾ?"

"ಪರ್ಮಿಷನ್ ಬೇಕಾಗತ್ತೆ. ತಗೋತೀನಿ. ನೀವು ತಯಾರಾಗಿರಿ," ಎಂದು ಅವಳು ತಲೆ ಕೂಡ ಬಾಚದೆ ಆಫೀಸಿಗೆ ಓಡಿದಳು. ಕಾಲ ಎಂಥದೆಂದರೆ ಯಾರೂ ಹೆಣವನ್ನು ಇಟ್ಟುಕೊಂಡು ಕಾಯುವಂತಿರಲಿಲ್ಲ. ಇಪ್ಪತ್ತೇ ಜನ, ಬೇಗ ಮುಗಿಸಿ ಎಂಬ ಆದೇಶವಿತ್ತು. ಮಧ್ಯಾಹ್ನದ ಹೊತ್ತಿಗೆ ಅಂತೂ ಅನುಮತಿ ಪತ್ರ ಬರೆಯಲು ಹಾಸ್ಟೆಲಿನ ರಿಜಿಸ್ಟರನ್ನು ತರಿಸಿ ಅವನ ಸಾಲಿನ ಮೇಲೆ ಬೆರಳಿಟ್ಟಳು. ಹಾಸ್ಟೆಲಿನಲ್ಲಿ ಏಳು ದಿನ ಪೂರ್ಣ. ಮುಂದಿನ ಕಾಲಮ್ಮಿನಲ್ಲಿ, ಮನೆಯಲ್ಲಿ: ಹದಿನಾಲ್ಕು. ಅಕ್ಷರ ತನ್ನದೇ.

ಹದಿನಾಲ್ಕರ ಸೀಲಿನ ಹಿಡಿಗೆ ಗುರುತಿಗೆಂದು ಅವಳೇ ಕೆಂಪು ಟೇಪು ಸುತ್ತಿದ್ದಳು. ಸ್ಯಾನಿಟೈಸರ್ ತಾಗಿ ತಾಗಿ ಅದು ಕಿತ್ತುಹೋಗಿದ್ದ ದಿನ ಅದು. ಹಿಂದಿನ ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಕೈಗೆ ಸಿಕ್ಕಿದ ಸೀಲು ಒತ್ತಿದ್ದಳು, ಒತ್ತಿದ್ದನ್ನೇ ಬರೆದುಕೊಂಡಿದ್ದಳು. ಅವನು ಬಿಡುಗಡೆಯಾಗಿ ಆಗಲೇ ಮೂರು ದಿನವಾಗಿರಬೇಕಿತ್ತು. ಯಾವ ಅನುಮತಿಯೂ ಬೇಕಿರಲಿಲ್ಲ. ಅಪ್ಪ ಬದುಕಿದ್ದಾಗಲೇ ಹೋಗಿ ಪಕ್ಕದಲ್ಲಿ ಕೂರಬಹುದಿತ್ತು. ಅರ್ಧ ಗಂಟೆಯ ದಾರಿ.

ಅಲ್ಲಿಂದಲೇ ಫೋನ್ ಮಾಡಿದಳು. "ಹೊರಡಿ. ಪರ್ಮಿಷನ್ ಗಿರ್ಮಿಷನ್ ಏನೂ ಬೇಡ, ಈಗಲೇ ಹೊರಡಿ."

"ಮಣ್ಣಾಯ್ತು ಮೇಡಂ," ಎಂದ ಅವನು. "ವಿಡಿಯೋದಲ್ಲಿ ನೋಡ್ದೆ."

ಆ ದಿನ ಸಂಜೆಯೇ ಅವಳು ಬೇರೆ ಡ್ಯೂಟಿ ಕೇಳಿಕೊಂಡು ಹೋದಳು. ಅವನ ಫೋನು ಬಂದಾಗಲೆಲ್ಲ ಅದು ಹೊಡೆದು ಹೊಡೆದು ನಿಲ್ಲುವವರೆಗೂ ಕೈಯಲ್ಲೇ ಹಿಡಿದು ಕೂತಿರುತ್ತಿದ್ದಳು.

*

ಪರಿಶೀಲನೆ ಮುಗಿಸಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಮಹಾಂತಮ್ಮ ಏದುಸಿರು ಬಿಡುತ್ತಾ ಬಂದರು.

"ನಿಲ್ಲು ಮಾರಾಯ್ತಿ! ಓಡ್ತೀಯಲ್ಲ, ಹಿಂದೆ ಹುಲಿ ಬಂದಂಗೆ." ಮೇಡಂ ಹೋಗಿ ಮಾರಾಯ್ತಿ ಬಂದಿತ್ತು. "ಆ ಫೋನಿನ ಹುಡುಗಿ ನೀನೇ ತಾನೆ?"

ತನುಜಾ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

"ನಂಗೊತ್ತು ಬಿಡು. ಜೂನಲ್ಲಿ ನಾನು ಕೆಳಗೆ ಬುತ್ತಿ ಇಟ್ಟು ಹೋಗೋಕೆ ಬರ್ತಿದ್ದೆ. ಮೇಲಿಂದ ಇವ್ನ ನಗು ಕೇಳ್ತಿತ್ತು. ಅಪ್ಪ ಹೋದ್ರು, ನಗೂನೂ ಹೋಯ್ತು. ಅದೇನು ಮಾಡ್ಕೊಂಡಿದಾನೋ ಒಳಗೊಳಗೆ, ಬಾಯಿ ಬಿಡಲ್ಲ. ಆ ಸೀಲಿದ್ದ ಕೈನ ಕಲ್ಲಲ್ಲಿ ತಿಕ್ಕಿ ತಿಕ್ಕಿ ಚರ್ಮ ಕಿತ್ಕೊಂಡಿದ್ದ. ಮಾಚೇನಹಳ್ಳಿ ವರ್ಕ್‌ಶಾಪಿನೋರು ದಿನಾ ಅರವತ್ತು ಊಟ ಕೇಳ್ತಿದಾರೆ, ಇವ್ನು ಒಲೆ ಹಚ್ಚಲ್ಲ ಅಂತಾನೆ. ಶನಿವಾರ ನೀನು ಬರ್ದೇ ಇದ್ರೆ ಈ ಬಾಗ್ಲು ತೆಗ್ಯಲ್ಲ. ನಂಗಂತೂ ಬೇರೆ ಕಡೆ ಹೋಗಿ ಹೊಸದಾಗಿ ಕಲಿಯೋ ವಯಸ್ಸಲ್ಲ."

ಚರ್ಮ ಕಿತ್ತುಕೊಂಡಿದ್ದ ಎಂಬ ಮಾತು ತನುಜಾಳನ್ನು ಮನೆಯವರೆಗೂ ಬಿಡಲಿಲ್ಲ. ಬೇರೆಯವರನ್ನು ಕಳಿಸಿ ಸಹಿ ಹಾಕಿಸಿಬಿಡಬಹುದಿತ್ತು. ಆದರೆ ಹಾಗೆ ಮಾಡಿದರೆ ಈ ಜನ್ಮದಲ್ಲಿ ಅವನ ಮುಖ ನೋಡಲಾಗುವುದಿಲ್ಲ. ಹೇಳಿದರೂ ನೋಡಲಾಗದೇ ಹೋಗಬಹುದು. ಎರಡರಲ್ಲೂ ಕಳೆದುಕೊಳ್ಳುವುದೇ ಆದರೆ ಹೇಳಿಯೇ ಕಳೆದುಕೊಳ್ಳುತ್ತೇನೆ ಎಂದುಕೊಂಡಳು.

*

ಶನಿವಾರ ಅವಳು ಹೋದಾಗ ಜ್ಞಾನೇಶ್ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಳಿ ಬಣ್ಣದಲ್ಲಿ ವೃತ್ತ ಬಳಿಯುತ್ತಿದ್ದ. ಮಹಾಂತಮ್ಮನ ಕಾಟಕ್ಕೆ ಶುರುಮಾಡಿದ್ದೆಂದು ಮುಖವೇ ಹೇಳುತ್ತಿತ್ತು. ಗಡ್ಡ ಮಾತ್ರ ತೆಗೆಸಿದ್ದ. ಮಹಾಂತಮ್ಮ ಅವಳನ್ನು ಕಂಡದ್ದೇ ತಡ, ಉಪ್ಪು ತರಬೇಕು ಎನ್ನುತ್ತಾ ಅಂಗಡಿಯ ಕಡೆ ನಡೆದುಬಿಟ್ಟರು.

"ಸೊಟ್ಟ ಆಗಿದೆ," ಎಂದಳು ತನುಜಾ.

"ನಿಲ್ಲೋರು ನೆಟ್ಟಗಿದ್ರೆ ಸಾಕಲ್ವಾ?"

ಅವಳು ಒಂದು ಒಣಗಿದ ವೃತ್ತದೊಳಗೆ ನಿಂತಳು. "ಜ್ಞಾನೇಶ್, ಒಂದು ವಿಷಯ ಹೇಳ್ಬೇಕು. ಪೂರ್ತಿ ಕೇಳಿ. ಆಮೇಲೆ ಏನು ಬೇಕಾದ್ರೂ ಅನ್ನಿ."

ಅವನು ಬ್ರಷ್ಷು ಕೆಳಗಿಟ್ಟ.

"ನಿಮ್ಗೆ ಏಳು ದಿನದ ಸೀಲ್ ಹಾಕ್ಬೇಕಿತ್ತು. ನಾನು ಹದಿನಾಲ್ಕರದ್ದು ಹಾಕ್ದೆ. ನಿಮ್ಮಪ್ಪ ಹೋದ ದಿನ ನಿಮ್ಗೆ ಕ್ವಾರಂಟೈನೇ ಇರ್ಲಿಲ್ಲ. ಮೂರು ದಿನ ಮುಂಚೇನೇ ಮುಗಿದಿತ್ತು. ನೀವು ಅವರ ಹತ್ರ ಇರ್ಬಹುದಿತ್ತು. ಅವತ್ತೇ ನಂಗೆ ಗೊತ್ತಾಯ್ತು, ಹೇಳೋಕಾಗ್ಲಿಲ್ಲ. ಅದಕ್ಕೇ ಫೋನ್ ಎತ್ತಲಿಲ್ಲ. ಡ್ಯೂಟಿ ಬದಲಾಗಿದ್ದು ಅಲ್ಲ, ನಾನೇ ಬದಲಾಯಿಸ್ಕೊಂಡಿದ್ದು." ಅವಳು ಫೈಲು ತೆಗೆದು ಅವನ ಮುಂದೆ ಹಿಡಿದಳು. "ನಂದೇ ತಪ್ಪು. ಬರ್ದು ಕೊಡಿ, ನಾನು ಒಪ್ಕೋತೀನಿ."

ಜ್ಞಾನೇಶ್ ತನ್ನ ಎಡಗೈಯನ್ನು ತಿರುಗಿಸಿ ನೋಡಿದ. ಶಾಯಿ ಹೋಗಿತ್ತು. ಅದಿದ್ದ ಜಾಗದ ಚರ್ಮ ಸ್ವಲ್ಪ ಬೆಳ್ಳಗಿತ್ತು.

"ನಂಗೊತ್ತಿತ್ತು," ಎಂದ.

"ಯಾವಾಗ ಗೊತ್ತಾಯ್ತು? ಆಮೇಲಾ?"

"ನೀವು ಸೀಲ್ ಒತ್ತಿದ ಐದು ನಿಮಿಷಕ್ಕೆ." ಅವನು ಅವಳತ್ತ ನೋಡಲಿಲ್ಲ. "ಹಾಸ್ಟೆಲ್ ರೂಮಲ್ಲಿ ನಂಜೊತೆ ಹರ್ಷವರ್ಧನ ಅಂತ ಇದ್ದ. ಒಂದೇ ದಿನ ಬಂದೋರು, ಒಂದೇ ಆಟೋದಲ್ಲಿ ವಾಪಸ್ ಹೊರಟ್ವಿ. ಅವ್ನ ಕೈ ನೋಡ್ದೆ, ನನ್ನ ಕೈ ನೋಡ್ದೆ. ಅವ್ನದು ಏಳು ದಿನ, ನಂದು ಹದಿನಾಲ್ಕು. ನಾಳೆ ಫೋನ್ ಬಂದಾಗ ಹೇಳೋಣ ಅಂತ ಇದ್ದೆ. ಬಂತು. ನೀವು ಫ್ಯಾನಿನ ವಿಷಯಕ್ಕೆ ಬೈದ್ರಿ."

ತನುಜಾ ವೃತ್ತದಿಂದ ಒಂದು ಹೆಜ್ಜೆ ಹೊರಗೆ ಬಂದಳು.

"ಹೇಳೋದನ್ನ ನಾಳೆಗೆ ಹಾಕ್ದೆ. ಆಮೇಲೆ ಮತ್ತೊಂದು ನಾಳೆಗೆ. ಏಳನೇ ದಿನ ಬಂತು, ಇವತ್ತು ಹೇಳ್ಲೇಬೇಕು ಅಂತ ಕೂತಿದ್ದೆ. ನೀವು ಆ ಗಂಡಿನ ಕಡೆಯೋರು ಮತ್ತೆ ಫೋನ್ ಮಾಡಿದ್ದು ಹೇಳಿ, 'ನಾನೇ ಬೇಡ ಅಂದ್ಬಿಟ್ಟೆ' ಅಂದ್ರಿ. ಅವತ್ತಿಡೀ ನಂಗೆ ಬೇರೇನೂ ತಲೇಲಿ ಇರ್ಲಿಲ್ಲ."

"ಗೊತ್ತಿದ್ದೂ ಹೇಳಲಿಲ್ಲ!" ಅವಳಿಗೆ ಒಮ್ಮೆಲೇ ಸಿಟ್ಟು ಉಕ್ಕಿತು. "ನಾಲ್ಕು ತಿಂಗಳು ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು! ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಫೋನ್ ನಿಲ್ತಿತ್ತಲ್ಲ."

ಬೀದಿಯ ಕೊನೆಯಲ್ಲಿ ಕಸದ ಗಾಡಿ ಮಾಸ್ಕ್ ಧರಿಸಿ, ಅಂತರ ಕಾಪಾಡಿ ಎಂದು ಕೂಗಿಕೊಂಡು ಹೋಯಿತು.

"ಎಂಟನೇ ದಿನ ಅಪ್ಪ ಫೋನ್ ಮಾಡಿದ್ರು," ಎಂದ ಜ್ಞಾನೇಶ್. ಈಗ ಅವನ ದನಿಯಲ್ಲಿ ನಗೆಯ ಸುಳಿವೂ ಇರಲಿಲ್ಲ. "ಯಾವಾಗ ಬರ್ತೀಯೋ ಅಂದ್ರು. ಇನ್ನೊಂದು ವಾರ ಅಪ್ಪಾ, ಸೀಲ್ ಹಾಕಿದಾರೆ ಅಂದೆ. ಆಯ್ತಪ್ಪ, ಸರ್ಕಾರ ಹೇಳ್ದಂಗೆ ಇರು ಅಂದ್ರು. ಅಪ್ಪಂಗೆ ಸುಳ್ಳು ಹೇಳಿ ನಾನಿಲ್ಲಿ ಹಲಗೆ ಮೇಲೆ ತಮಾಷೆ ಬರೀತಾ ಕೂತಿದ್ದೆ. ಅವ್ರು ಹೋದ ದಿನ ಬೆಳಿಗ್ಗೆನೂ ನಿಜ ಹೇಳೋಕೆ ಬಾಯಿ ಬರ್ದೆ ಪರ್ಮಿಷನ್ನೇ ಕೇಳ್ದೆ. ನೀವು ಸುಸ್ತಲ್ಲಿ ಮಾಡಿದ್ರಿ ಮೇಡಂ. ನಾನು ಖುಷಿಯಾಗಿ ಮಾಡ್ದೆ. ಯಾವ ಮುಖ ಇಟ್ಕೊಂಡು ಒಲೆ ಹಚ್ಲಿ?"

ತನುಜಾ ಖಾನಾವಳಿಯ ಮೆಟ್ಟಿಲ ಮೇಲೆ ಕೂತಳು. ಆ ಹೆಚ್ಚಿನ ಏಳು ದಿನದ ಭಾರ ತನ್ನೊಬ್ಬಳದೇ ಎಂದು ಇಷ್ಟು ದಿನ ತಿಳಿದಿದ್ದಳು. ಅದೇ ಏಳು ದಿನವನ್ನು ಈ ಮನುಷ್ಯ ಬೇರೆ ಕಡೆಯಿಂದ ಹೊತ್ತಿದ್ದ. ತಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಮಾಸ್ಕು ಒದ್ದೆಯಾಗಿ ಬಾಯಿಗೆ ಅಂಟಿದಾಗ.

"ಮನೆಯಲ್ಲಿ ಗೊತ್ತಾ?" ಎಂದು ಕೇಳಿದಳು.

"ಇಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ, ಅಷ್ಟೇ. ಅತ್ತಿಗೆ ಮುಖ ನೋಡೋಕಾಗಲ್ಲ. ಅಪ್ಪನ್ನ ಕೊನೇವರೆಗೂ ನೋಡ್ಕೊಂಡಿದ್ದು ಅವ್ರೇ."

"ನಾಳೆ ನಂಗೆ ರಜ ಇದೆ. ಏಳು ತಿಂಗಳಲ್ಲಿ ಮೊದಲನೇ ಭಾನುವಾರ."

"ಮಲಗಿ. ರೆಸ್ಟ್ ತಗೊಳ್ಳಿ."

"ಹೋಗಿ ಹೇಳೋಣ. ಸೀಲ್ ಹಾಕಿದ್ದು ನಾನು. ಅದನ್ನ ನೀವು ಹೇಳಿದ್ರೆ ಆಗಲ್ಲ."

*

ಕಾಗದನಗರದ ಕ್ವಾರ್ಟರ್ಸಿನ ಸಾಲುಗಳಲ್ಲಿ ಅರ್ಧಕ್ಕರ್ಧ ಬೀಗ ಬಿದ್ದಿತ್ತು. ಮಿಲ್ಲು ನಿಂತ ಮೇಲೆ ಜನ ಒಬ್ಬೊಬ್ಬರಾಗಿ ಹೋಗಿದ್ದರು. ಅವನ ಅತ್ತಿಗೆ ಶೀಲಾ ಅಂಗಳದಲ್ಲಿ ಕಡಲೆಬೀಜ ಹುರಿದು ಹರವಿಕೊಂಡು ಸಿಪ್ಪೆ ಬಿಡಿಸುತ್ತಿದ್ದರು. ಇಬ್ಬರೂ ಅಂತರ ಬಿಟ್ಟು ನಿಂತೇ ಹೇಳಿದರು. ಮೊದಲು ತನುಜಾ, ಆಮೇಲೆ ಜ್ಞಾನೇಶ್. ಶೀಲಾ ಕೇಳುತ್ತಾ ಕೇಳುತ್ತಾ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದರು.

"ದಿನಕ್ಕೆ ಎಷ್ಟು ಜನಕ್ಕೆ ಸೀಲ್ ಹಾಕ್ತಿದ್ದೆ?" ಎಂದು ತನುಜಾಳನ್ನು ಕೇಳಿದರು.

"ಮುನ್ನೂರು. ಕೆಲವು ದಿನ ನಾನೂರು, ಅಕ್ಕಾ."

ಶೀಲಾ ತಲೆಯಾಡಿಸಿ ಮೈದುನನ ಕಡೆ ತಿರುಗಿದರು. "ನೀನು ಬರ್ಬಹುದಿತ್ತು ಜ್ಞಾನೇಶ. ಅದನ್ನ ನಾನು ಮರೆಯೋಳಲ್ಲ, ಸುಳ್ಳು ಯಾಕೆ ಹೇಳ್ಲಿ? ಮಾವ ಆ ವಾರ ಎರಡು ಸಲ ಗೇಟಿನ ತನಕ ಹೋಗಿ ನೋಡ್ಕೊಂಡು ಬಂದ್ರು." ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಆದ್ರೆ ಅವರು ಕೇಳ್ತಿದ್ದಿದ್ದು ಖಾನಾವಳಿ ಯಾವಾಗ ತೆಗೀತಾನಂತೆ ಅಂತ. ನೀನು ಮುಚ್ಕೊಂಡು ಕೂತಿದೀಯ. ಅವರ ಮಾತು ಬದುಕಿದ್ದಾಗಲೂ ಕೇಳಲಿಲ್ಲ, ಈಗಲೂ ಕೇಳಲ್ಲ ಅಂತೀಯಾ?"

ಜ್ಞಾನೇಶ್ ಮಕ್ಕಳ ಹಾಗೆ ನಿಂತಲ್ಲೇ ಅತ್ತ. ನಾಲ್ಕು ತಿಂಗಳಲ್ಲಿ ಅವನು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಹೇಳಿದ. ಹತ್ತಿರ ಹೋಗಲು ತನುಜಾ ಎರಡು ಹೆಜ್ಜೆ ಮುಂದಿಟ್ಟಳು. ಯಾರೂ ಆರಡಿಯ ಮಾತಾಡಲಿಲ್ಲ.

ಹೊರಡುವಾಗ ಶೀಲಾ ಒಳಗಿನಿಂದ ಒಂದು ಡಬ್ಬಿ ತಂದು, ಮೈದುನನಿಗೆ ಕೊಡದೆ ತನುಜಾಳ ಕೈಗೆ ಕೊಟ್ಟರು. "ಶೇಂಗಾ ಚಟ್ನಿಪುಡಿ. ಮಾವಂಗೆ ರೊಟ್ಟಿ ಜೊತೆ ಇದಿಲ್ದೇ ಆಗ್ತಿರ್ಲಿಲ್ಲ. ತೆಗೆದ ದಿನ ಬಡಿಸೋಕೆ ಹೇಳು."

*

ಬುಧವಾರ ಮಧ್ಯಾಹ್ನ ಒಂದು ಗಂಟೆಗೆ, ಬಸ್ ಸ್ಟ್ಯಾಂಡಿನ ಬಳಿ ಮಾಸ್ಕ್ ಇಲ್ಲದವರಿಗೆ ದಂಡ ಹಾಕಿ ಬೈಗುಳ ತಿನ್ನುತ್ತಿದ್ದ ತನುಜಾಳ ಫೋನಿಗೆ ಒಂದು ಸೆಲ್ಫಿ ಬಂತು. ನಾಲ್ಕು ತಿಂಗಳ ಮೇಲಿನ ಮೊದಲ ಸೆಲ್ಫಿ. ಅವನ ಹಿಂದೆ ಕಪ್ಪು ಹಲಗೆ, ಈ ಸಲ ಖಾನಾವಳಿಯ ಬಾಗಿಲಲ್ಲೇ. 'ಇಂದಿನ ವಿಶೇಷ: ಮೊದಲನೇ ಎಲೆ ಕಾಯುತ್ತಿದೆ.'

ರಸೀತಿ ಪುಸ್ತಕವನ್ನು ಜೊತೆಯವರ ಕೈಗಿಟ್ಟು ಅವಳು ನಡೆದೇ ಬಂದಳು. ಹೊರಗಿನ ಸೊಟ್ಟ ವೃತ್ತಗಳಲ್ಲಿ ಮಾಚೇನಹಳ್ಳಿಯ ಐದಾರು ಜನ ಪಾರ್ಸೆಲ್ಲಿಗೆ ನಿಂತಿದ್ದರು. ಒಳಗೆ ನಾಲ್ಕು ಟೇಬಲ್, ಟೇಬಲ್ಲಿಗೊಂದೇ ಕುರ್ಚಿ. ಮಿಕ್ಕ ಕುರ್ಚಿಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಒಟ್ಟಿದ್ದರು. ಗೋಡೆಗೆ ನಿಯಮದ ಹಾಳೆ ಅಂಟಿಸಿತ್ತು. ಕೆಳಗೆ ಅವಳದೇ ಸಹಿ. ಅಡುಗೆಮನೆಯಿಂದ ಮಹಾಂತಮ್ಮ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು.

ಮೂಲೆಯ ಟೇಬಲ್ ಅವಳಿಗೆಂದು ಖಾಲಿ ಇಟ್ಟಿದ್ದ. ಎಲೆ ಹಾಕಿ ನೀರು ಚಿಮುಕಿಸಿ, ರೊಟ್ಟಿ, ಎಣ್ಣೆಗಾಯಿ, ಒಂದು ಚಮಚ ಮೊಸರು, ಪಕ್ಕದಲ್ಲಿ ಭದ್ರಾವತಿಯ ಡಬ್ಬಿಯಿಂದ ಚಟ್ನಿಪುಡಿ ಬಡಿಸಿದ. ಬಡಿಸಿ ಮೂರು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ.

"ಅದೇನು ಗೋಡೆ ನೋಡ್ತಿದೀರ?"

"ನೀವಾಗೇ ಹೇಳಿದ್ಮೇಲೆ ತಿರುಗ್ತೀನಿ."

ತನುಜಾ ಎರಡೂ ಕಿವಿಯಿಂದ ದಾರ ಬಿಡಿಸಿ ಮಾಸ್ಕು ತೆಗೆದಳು. ಏಳು ತಿಂಗಳಿಂದ ಒತ್ತಿ ಒತ್ತಿ ಮೂಗಿನ ಮೇಲೆ ಒಂದು ಗೀರು ಉಳಿದಿತ್ತು. ಕಣ್ಣ ಕೆಳಗಿನ ಮೈಬಣ್ಣವೇ ಬೇರೆ, ಗದ್ದದ ಬಣ್ಣವೇ ಬೇರೆಯಾಗಿತ್ತು. ಬೆಳಿಗ್ಗೆ ಮಾಸ್ಕಿನೊಳಗೆ ಯಾರಿಗೂ ಕಾಣದಿದ್ದರೂ ತುಟಿಗೆ ಸ್ವಲ್ಪ ಬಣ್ಣ ಹಚ್ಚಿಕೊಂಡಿದ್ದಳು. ಅದು ಅರ್ಧ ಮಾಸ್ಕಿಗೇ ಅಂಟಿಹೋಗಿತ್ತು.

"ಹುಂ," ಎಂದಳು.

ಅವನು ತಿರುಗಿದ. ನೋಡಿದ. ಏನೋ ತಮಾಷೆ ಹೇಳಲೆಂದು ಬಾಯಿ ತೆರೆದ, ಏನೂ ಬರಲಿಲ್ಲ. ಅವನ ಕಣ್ಣು ತುಂಬಿ ಬಂದದ್ದನ್ನು ನೋಡಿ ತನುಜಾಳಿಗೆ, ಇಷ್ಟು ದಿನ ಊರೆಲ್ಲ ಸುತ್ತಿದ ದಣಿವು ಈ ಕುರ್ಚಿಯಲ್ಲಿ ಕೂರಲಿಕ್ಕೇ ಇತ್ತೇನೋ ಅನ್ನಿಸಿತು.

"ನೋಡೋ ಹಂಗಿದೀನಾ?" ಎಂದು ಕೇಳಿದಳು.

"ಅದನ್ನ ನಾವು ನೋಡ್ಕೋತೀವಿ," ಎಂದ ಅವನು, ಒದ್ದೆ ದನಿಯಲ್ಲಿ.

ಅವಳು ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಳು. ಬಿಸಿಯಿತ್ತು. ಎಷ್ಟೋ ಕಾಲದ ಮೇಲೆ ಊಟಕ್ಕೆ ರುಚಿ ಇತ್ತು. ಎರಡು ತುತ್ತು ತಿಂದು ತಲೆಯೆತ್ತಿದಳು. ಅವನು ಇನ್ನೂ ನಿಂತೇ ಇದ್ದ.

"ನೀವೂ ಕೂತ್ಕೊಳ್ಳಿ."

ಜ್ಞಾನೇಶ್ ಗೋಡೆಯ ಹಾಳೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಮೇಡಂ, ಒಂದೇ ಮನೆಯವರಾದ್ರೆ ಮಾತ್ರ..."

"ಓದಿ ಹೇಳಿದ್ದು ನಾನೇ. ಸಹಿ ಮಾಡಿದ್ದೂ ನಾನೇ."

"ಮತ್ತೆ?"

"ಕೂತ್ಕೊಳ್ಳಿ."

ಅವನು ಮೂಲೆಗೆ ಹೋಗಿ, ಒಟ್ಟಿದ್ದ ಕುರ್ಚಿಗಳಲ್ಲಿ ಮೇಲಿನದನ್ನು ಎತ್ತಿ ತಂದು, ಧೂಳು ಒರೆಸಿ, ಅವಳ ಎದುರಿಗೆ ಹಾಕಿ ಕೂತ.

ಕುರ್ಚಿಯ ಸದ್ದಿಗೆ ಮಹಾಂತಮ್ಮ ಅಡುಗೆಮನೆಯಿಂದ ಇಣುಕಿ ನೋಡಿದರು. "ಇನ್ನೊಂದು ಎಲೆ ಹಾಕ್ಲಾ?"

"ಹಾಕಿ ಅಮ್ಮಾ," ಎಂದಳು ತನುಜಾ.